ಕ್ಲಿಕ್ಕಿಗೆ ಮುಂಚೆ, ಕ್ಲಿಕ್ಕಿನ ಆಮೇಲೆ

1854ರ ಡಿಸೆಂಬರ್. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಎಂಬಾತ ಭಾರೀ ಗಾತ್ರದ ಕ್ಯಾಮೆರಾದೊಂದಿಗೆ ಬೇಲೂರು, ಹಳೇಬೀಡಿಗೆ ಬಂದ. ಹೊಯ್ಸಳರ ಗುಡಿಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಮೆಚ್ಚುಗೆ ಸಿಕ್ಕಿತು. ಅದೇ 1855ರಲ್ಲಿ ಬರ್ಮಾದ ಅರಸನನ್ನು ಕಾಣಲು ಹೊರಟ ಬ್ರಿಟಿಷ್ ನಿಯೋಗಕ್ಕೆ ಅವನೇ ಛಾಯಾಗ್ರಾಹಕನಾದ.

ಆಗ ನೆಗೆಟಿವ್‌ಗಳಿಗೆ ಬಳಿಯುತ್ತಿದ್ದ ರಾಸಾಯನಿಕಕ್ಕೆ ಒಂದು ಕೊರತೆಯಿತ್ತು. ನೀಲಿ ಬೆಳಕೆಂದರೆ ಅದಕ್ಕೆ ಅತಿ ಆತುರ, ಉಳಿದ ಬಣ್ಣಗಳ ಬಗ್ಗೆ ಉದಾಸೀನ. ಗೋಪುರದ ಕಲ್ಲು, ಮರದ ಎಲೆ ಚೆನ್ನಾಗಿ ಮೂಡುವಷ್ಟು ಹೊತ್ತು ಲೆನ್ಸ್ ತೆರೆದಿಟ್ಟರೆ ಅಷ್ಟರೊಳಗೆ ಆಕಾಶಕ್ಕೆ ಬೆಳಕು ಮಿತಿಮೀರಿ ಬಿದ್ದು, ಪ್ರಿಂಟಿನಲ್ಲಿ ಅದು ಬರೀ ಬಿಳಿಯಾಗಿ ಉಳಿಯುತ್ತಿತ್ತು. ಟ್ರೈಪ್ ಕುಂಚ ಹಿಡಿದ. ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬರೆದ, ಗಿಡಮರಗಳನ್ನು ತಿದ್ದಿದ. 2020ರಲ್ಲಿ ಫೋಟೊಶಾಪ್‌ಗೆ ಆಕಾಶವನ್ನೇ ಬದಲಿಸುವ ಸಾಧನವೊಂದು ಸೇರಿತು. ಇಂಥದ್ದರಿಂದ ಫೋಟೊಗ್ರಫಿ ಸತ್ತೇ ಹೋಗುತ್ತದೆ ಎನ್ನುವುದಾದರೆ ಅದು ಟ್ರೈಪ್‌ನ ಕಾಲದಲ್ಲೇ ಸಾಯಬೇಕಿತ್ತು.

ಚಿತ್ರ ತೋರಿಸಲಾಗದ ಬಾನುಲಿಯಲ್ಲಿ ಚಿತ್ರ ತೆಗೆಯುವ ವಿದ್ಯೆಯ ಮಾತೇ ಎಂದು ಕೇಳುಗರಿಗೆ ಅನ್ನಿಸಬಹುದು. ಆದರೆ ಈ ವಿದ್ಯೆಯ ದೊಡ್ಡ ಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಕ್ಲಿಕ್ ಮಾಡುವ ಮುಂಚೆ ಒಂದು ತೀರ್ಮಾನ, ಕ್ಲಿಕ್ ಆದ ಮೇಲೆ ಇನ್ನೊಂದು. ಮೊದಲನೆಯದನ್ನು ಸೃಜನಶೀಲ ಛಾಯಾಗ್ರಹಣ ಎನ್ನುತ್ತಾರೆ, ಎರಡನೆಯದನ್ನು ಎಡಿಟಿಂಗ್ ಎನ್ನುತ್ತಾರೆ. ಕಲಿಯುವವರು ಇವೆರಡನ್ನೂ ಬೇರೆ ಬೇರೆ ಪಾಠ ಎಂದುಕೊಂಡಾಗಲೇ ತೊಡಕು ಶುರುವಾಗುವುದು. ತೆಗೆಯುವಾಗ ತಪ್ಪಿದ್ದನ್ನು ಆಮೇಲೆ ಸರಿಮಾಡಿಕೊಳ್ಳೋಣ ಎಂದು ಕ್ಲಿಕ್ಕಿಸಿಕೊಂಡು ಹೋದವರಿಗೆ ಎರಡೂ ದಕ್ಕುವುದಿಲ್ಲ.

ಮೊದಲನೆಯ ತೀರ್ಮಾನ ಬೆಳಕಿನದು. ಕೊಡಗಿನ ಕಾಫಿ ತೋಟವನ್ನೇ ನೋಡಿ. ಫೆಬ್ರವರಿ, ಮಾರ್ಚ್‌ನ ಹೂಮಳೆ ಬಿದ್ದು ಕೆಲವು ದಿನಗಳಲ್ಲಿ ಇಡೀ ತೋಟ ಬೆಳ್ಳಗೆ ಅರಳುತ್ತದೆ. ಉತ್ಸಾಹದಿಂದ ಫೋಟೊ ತೆಗೆದವರು ಮನೆಗೆ ಬಂದು ನೋಡಿದರೆ ಹೂವೆಲ್ಲ ಬೂದಿ ಬಣ್ಣ! ತಪ್ಪು ಕ್ಯಾಮೆರಾದ್ದಲ್ಲ. ಮುಂದಿರುವ ದೃಶ್ಯವನ್ನೆಲ್ಲ ಕೂಡಿಸಿದರೆ ನಡುವಿನ ಬೂದು ಬಣ್ಣವೇ ಬರುತ್ತದೆ ಎಂದು ಅದರೊಳಗಿನ ಬೆಳಕಿನ ಮಾಪಕ ನಂಬಿಕೊಂಡಿರುತ್ತದೆ. ಪೂರ್ತಿ ಬಿಳಿ ಕಂಡರೆ ಹೆದರಿ ಬೆಳಕು ಕಡಿಮೆ ಮಾಡುತ್ತದೆ. ಕಪ್ಪು ಎಮ್ಮೆಯನ್ನು ಕಂಡರೆ ಬೆಳಕು ಹೆಚ್ಚಿಸಿ ಅದನ್ನೂ ಬೂದು ಮಾಡುತ್ತದೆ. ಹೀಗಾಗಿ ಬಿಳಿ ಹೂವಿಗೆ, ಮಲೆನಾಡಿನ ಮಂಜಿಗೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಇಮ್ಮಡಿಯಾಗುವಷ್ಟು, ಏರಿಸಬೇಕು, ಎಮ್ಮೆಗೆ ಇಳಿಸಬೇಕು. ಮೊಬೈಲಿನಲ್ಲಾದರೆ ಪರದೆಯ ಮೇಲೆ ಬೆರಳೊತ್ತಿ, ಮೇಲಕ್ಕೋ ಕೆಳಕ್ಕೋ ಎಳೆದರಾಯಿತು. ಇಷ್ಟು ತಿಳಿದವರು ಕ್ಯಾಮೆರಾ ಹೇಳಿದಂತೆ ಕೇಳುವುದನ್ನು ಬಿಟ್ಟು ಅದಕ್ಕೆ ಹೇಳಲು ಶುರುಮಾಡುತ್ತಾರೆ.

ಹೇಳುವುದಕ್ಕೆ ಇರುವುದು ಮೂರೇ ಗುಂಡಿ. ಅಪರ್ಚರ್ ಎಂದರೆ ಬೆಳಕು ಒಳಬರುವ ತೂತಿನ ಅಳತೆ. ಎಫ್ 2.8, 4, 5.6, 8, 11, 16 ಎಂದು ಅಂಕಿ ಏರಿದಂತೆ ತೂತು ಕಿರಿದಾಗುತ್ತ ಹೋಗುತ್ತದೆ, ಪ್ರತಿ ಹೆಜ್ಜೆಗೂ ಬೆಳಕು ಅರ್ಧವಾಗುತ್ತದೆ. ಶಟರ್ ಎಂದರೆ ಆ ತೂತು ತೆರೆದಿರುವ ಹೊತ್ತು. ಐಎಸ್‌ಒ ಎಂದರೆ ಬಂದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬ ಲೆಕ್ಕ. ಫಿಲ್ಮಿನ ಕಾಲದವರಿಗೆ ಒಂದು ಬಾಯಿಪಾಠವಿತ್ತು: ಬಟಾಬಯಲಿನ ಬಿಸಿಲಿಗೆ ಅಪರ್ಚರ್ 16, ಶಟರ್ ವೇಗ ಐಎಸ್‌ಒ ಅಂಕಿಯಷ್ಟೇ ಭಾಗ. ಐಎಸ್‌ಒ 100 ಆದರೆ ಸೆಕೆಂಡಿನ ನೂರನೇ ಒಂದು ಪಾಲು. ಮಾಪಕವಿಲ್ಲದ ಕ್ಯಾಮೆರಾದಲ್ಲೂ ಈ ಲೆಕ್ಕ ಇಂದಿಗೂ ಕೈಹಿಡಿಯುತ್ತದೆ.

ಲೆಕ್ಕ ಗೊತ್ತಾದ ಮೇಲೆ ಅದನ್ನು ಬೇಕೆಂದೇ ಮುರಿಯುವುದರಲ್ಲಿ ಸೃಜನಶೀಲತೆಯಿದೆ. ಜೋಗದಲ್ಲಿ ಸೆಕೆಂಡಿನ ಸಾವಿರನೇ ಒಂದು ಪಾಲಿನಲ್ಲಿ ತೆಗೆದರೆ ನೀರಿನ ಒಂದೊಂದು ಹನಿಯೂ ಗಾಳಿಯಲ್ಲಿ ನಿಲ್ಲುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಲೆನ್ಸಿಗೆ ಬೆಳಕು ತಗ್ಗಿಸುವ ಫಿಲ್ಟರ್ ಹಾಕಿ, ಪೂರ್ತಿ ಒಂದು ಸೆಕೆಂಡ್ ತೆರೆದಿಟ್ಟರೆ ಅದೇ ನೀರು ಬಿಳಿ ಹೊಗೆಯಂತೆ ಇಳಿಯುತ್ತದೆ. ರಸ್ತೆಯಲ್ಲಿ ಸೈಕಲ್ ತುಳಿಯುವವನ ಜೊತೆಜೊತೆಗೇ ಕ್ಯಾಮೆರಾ ತಿರುಗಿಸುತ್ತ ಸೆಕೆಂಡಿನ ಮೂವತ್ತನೇ ಒಂದು ಪಾಲಿನಲ್ಲಿ ಕ್ಲಿಕ್ಕಿಸಿದರೆ ಸವಾರ ಸ್ಪಷ್ಟ, ಹಿಂದಿನ ಅಂಗಡಿಸಾಲೆಲ್ಲ ಗೆರೆ ಗೆರೆ. ಮೊದಲ ಪ್ರಯತ್ನಕ್ಕೇ ಇದು ಯಾರಿಗೂ ಬರುವುದಿಲ್ಲ. ಕೈ ಪಳಗಬೇಕು.

ಬೆಳಕನ್ನು ಕಾಯುವವರಿದ್ದಾರೆ, ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿದ ವಿ.ಕೆ. ಮೂರ್ತಿ ಎರಡನೆಯ ಪೈಕಿ. ಅವರು ಛಾಯಾಗ್ರಹಣ ಮಾಡಿದ 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ನಿರ್ದೇಶಕ ಗುರುದತ್, ಅವರೂ ಬೆಂಗಳೂರಿನಲ್ಲಿ ಹುಟ್ಟಿದವರೇ. ಖಾಲಿ ಸ್ಟುಡಿಯೊದ ಕತ್ತಲೊಳಗೆ ಒಂದೇ ಒಂದು ಬೆಳಕಿನ ಕೋಲು ಇಳಿದುಬರುವ ದೃಶ್ಯ ಅದರಲ್ಲಿದೆ. ದೊಡ್ಡ ದೀಪಗಳಿಂದ ಅಷ್ಟು ನೇರವಾದ ಕೋಲು ಬರಲಿಲ್ಲ. ಮೂರ್ತಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಪ್ರತಿಫಲಿಸಿ ಸ್ಟುಡಿಯೊದೊಳಗೆ ಹಾಯಿಸಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಮನೆಯಲ್ಲಿ ಫೋಟೊ ಕಲಿಯುವವರು ಇದನ್ನು ಕಿಟಕಿಯ ಪಕ್ಕದಲ್ಲೇ ಪ್ರಯೋಗಿಸಬಹುದು. ಕುಳಿತವರ ಮುಖದ ನೆರಳಿನ ಕಡೆಗೆ ಒಂದು ಬಿಳಿ ರಟ್ಟು ಹಿಡಿದರೆ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗುತ್ತದೆ, ಕಪ್ಪು ಬಟ್ಟೆ ಹಿಡಿದರೆ ಇನ್ನಷ್ಟು ಗಾಢವಾಗುತ್ತದೆ.

ಇನ್ನು ಕ್ಲಿಕ್ಕಿನ ಆಮೇಲಿನ ತೀರ್ಮಾನ. 1857ರಲ್ಲಿ ಆಸ್ಕರ್ ರೈಲಾಂಡರ್ ಇಂಗ್ಲೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದೊಂದಾಗಿ ಜೋಡಿಸಿ ‘ಬದುಕಿನ ಎರಡು ದಾರಿ’ ಎಂಬ ದೊಡ್ಡ ಚಿತ್ರ ಕಟ್ಟಿದ. ವಿಕ್ಟೋರಿಯಾ ರಾಣಿಯೇ ಒಂದು ಪ್ರತಿ ಕೊಂಡಳು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಸೇರಿಸಿ, ಸಾವಿನಂಚಿನಲ್ಲಿರುವ ಹುಡುಗಿಯ ಸುತ್ತ ಮನೆಯವರಿರುವ ದೃಶ್ಯ ಮಾಡಿದ. ಇಂಥ ಸಂಕಟವನ್ನು ಫೋಟೊ ತೆಗೆಯಬಹುದೇ ಎಂದು ಜನ ರೇಗಿದರು. ಅದು ನಟಿಸಿ, ಅಂಟಿಸಿದ ಚಿತ್ರ. ಆದರೂ ಫೋಟೊ ಎಂದಮೇಲೆ ನಿಜವಿರಬೇಕು ಎಂಬ ನಂಬಿಕೆ ಆಗಲೇ ಅಷ್ಟು ಬಲವಾಗಿ ಬೇರೂರಿತ್ತು.

ಆಮೇಲಿನ ಕೆಲಸ ಏನೆಂಬುದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿಕೊಟ್ಟವನು ಅಮೆರಿಕದ ಆನ್ಸೆಲ್ ಆಡಮ್ಸ್. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಊರಿನ ಹತ್ತಿರ ಕಾರಿನಲ್ಲಿ ಬರುತ್ತಿದ್ದಾಗ ಅವನಿಗೆ ಒಂದು ನೋಟ ಕಂಡಿತು: ಮೇಲೆ ಚಂದ್ರ, ದೂರದಲ್ಲಿ ಹಿಮದ ಬೆಟ್ಟ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕೊನೆಯ ಬೆಳಕು. ಗಡಿಬಿಡಿಯಲ್ಲಿ ಬೆಳಕಿನ ಮಾಪಕ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟೆಂಬ ಅಂಕಿ, ಚದರ ಅಡಿಗೆ 250 ಕ್ಯಾಂಡಲ್, ನೆನಪಿತ್ತು. ಅದರ ಮೇಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿಯೇಬಿಟ್ಟಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಒಂದೇ ನೆಗೆಟಿವ್‌ನಿಂದ ಆಡಮ್ಸ್ ಮುಂದಿನ ದಶಕಗಳಲ್ಲಿ ಸಾವಿರಕ್ಕೂ ಮೀರಿ ಪ್ರಿಂಟ್ ಹಾಕಿದ. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶದ ತುಂಬ ತೆಳು ಮೋಡಗಳಿವೆ. ವರ್ಷ ಕಳೆದಂತೆ ಅವನು ಆಕಾಶವನ್ನು ಗಾಢಗೊಳಿಸುತ್ತ ಹೋದ. ಕೊನೆಕೊನೆಗೆ ಅದು ಬಹುತೇಕ ಕಪ್ಪು. ಪಿಯಾನೊ ಕಲಿತಿದ್ದ ಆತ ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ಕಛೇರಿಗೂ ಹೋಲಿಸುತ್ತಿದ್ದ. ಕೃತಿ ಒಂದೇ ಆದರೂ ಹಾಡುವವರು ವಯಸ್ಸಾದಂತೆ ಬೇರೆ ಥರ ಹಾಡುತ್ತಾರಲ್ಲ, ಹಾಗೆ.

ಆಕಾಶ ಕಪ್ಪಾಗಿಸಿದ್ದು ಹೇಗೆ? ಕತ್ತಲಕೋಣೆಯಲ್ಲಿ ಎನ್‌ಲಾರ್ಜರ್‌ನಿಂದ ಕಾಗದದ ಮೇಲೆ ಬೆಳಕು ಬೀಳುತ್ತಿರುತ್ತದೆ. ಒಂದು ಭಾಗ ತಿಳಿಯಾಗಿ ಉಳಿಯಬೇಕಾದರೆ ತಂತಿಯ ತುದಿಗೆ ರಟ್ಟಿನ ಬಿಲ್ಲೆ ಅಂಟಿಸಿ ಅಲ್ಲಿ ಅಡ್ಡ ಹಿಡಿಯುತ್ತಿದ್ದರು. ಇದು ಡಾಡ್ಜಿಂಗ್. ಒಂದು ಭಾಗ ಗಾಢವಾಗಬೇಕಾದರೆ ಕೈಬೆರಳುಗಳನ್ನು ಮಡಚಿ, ನಡುವಿನ ತೂತಿನಿಂದ ಅಷ್ಟಕ್ಕೆ ಮಾತ್ರ ಹೆಚ್ಚು ಬೆಳಕು ಬಿಡುತ್ತಿದ್ದರು. ಇದು ಬರ್ನಿಂಗ್. ಫೋಟೊಶಾಪ್ ಬಳಸುವವರು ಅದರ ಪಟ್ಟಿಯಲ್ಲಿ ಕೋಲಿಗೆ ಸಿಕ್ಕಿಸಿದ ಬಿಲ್ಲೆ, ಮಡಚಿದ ಕೈ ಎಂಬ ಎರಡು ಚಿಕ್ಕ ಚಿತ್ರಗಳನ್ನು ನೋಡಿಯೇ ಇರುತ್ತಾರೆ. ಅವು ಬಂದದ್ದು ಇಲ್ಲಿಂದ. ಚಿತ್ರ ಚೂಪಾಗಿಸುವ ‘ಅನ್‌ಶಾರ್ಪ್ ಮಾಸ್ಕ್’ ಎಂಬ ವಿಚಿತ್ರ ಹೆಸರೂ ಹಾಗೆಯೇ. ಮೂಲ ನೆಗೆಟಿವ್ ಜೊತೆ ಬೇಕೆಂದೇ ಮಸುಕಾಗಿಸಿದ ಒಂದು ಪಾಸಿಟಿವ್ ಪ್ರತಿಯನ್ನು ಸೇರಿಸಿ ಪ್ರಿಂಟ್ ಹಾಕಿದರೆ ಅಂಚುಗಳು ಎದ್ದು ಕಾಣುತ್ತಿದ್ದವು. ಫೋಟೊಶಾಪ್ ಬರೆದ ಥಾಮಸ್ ಮತ್ತು ಜಾನ್ ನೋಲ್ ಸೋದರರ ಮನೆಯಲ್ಲಿ ತಂದೆಯ ಡಾರ್ಕ್‌ರೂಂ ಇತ್ತು. 1990ರ ಫೆಬ್ರವರಿಯಲ್ಲಿ, ಮೆಕಿಂಟಾಷ್ ಕಂಪ್ಯೂಟರಿಗೆ ಮಾತ್ರ, ಅದರ ಮೊದಲ ಆವೃತ್ತಿ ಹೊರಬಂತು.

‘ಎಡಿಟ್ ಮಾಡದ ಫೋಟೊ’ ಎಂದು ಹೆಮ್ಮೆಯಿಂದ ಹಂಚಿಕೊಳ್ಳುವವರು ಈಗ ಬಹಳ. ಅಂಥದ್ದೊಂದು ಇಲ್ಲವೇ ಇಲ್ಲ. ಈಗಿನ ಮೊಬೈಲು ಒಂದು ಸಲ ಒತ್ತಿದರೆ ಹಲವು ಚಿತ್ರಗಳನ್ನು ಸರಸರನೆ ತೆಗೆದು, ಕೂಡಿಸಿ, ನೆರಳು ತಿಳಿಯಾಗಿಸಿ, ಬಣ್ಣ ಏರಿಸಿ ಕೈಗೆ ಕೊಡುತ್ತದೆ. ಕ್ಯಾಮೆರಾ ಕೊಡುವ ಜೆಪೆಗ್ ಕೂಡ ಕಂಪನಿಯ ಎಂಜಿನಿಯರ್ ತೀರ್ಮಾನಿಸಿಟ್ಟ ಎಡಿಟಿಂಗೇ. ಅದರಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟುಕೊಳ್ಳುವ ರಾ ಫೈಲಿನಲ್ಲಿ, 14 ಬಿಟ್ ಆದರೆ, 16,384. ನೆರಳಲ್ಲಿ ಅಡಗಿದ ಮುಖವನ್ನೋ ಮೋಡದ ಮಡಿಕೆಯನ್ನೋ ಆಮೇಲೆ ಹೊರತೆಗೆಯಬೇಕೆಂದರೆ ಈ ಮೆಟ್ಟಿಲುಗಳು ಬೇಕು. ಆದ್ದರಿಂದ ಎಡಿಟಿಂಗ್ ಕಲಿಯುವವರಿಗೆ ರಾ ಫೈಲ್ ಮೊದಲ ಅಗತ್ಯ. ಈಚಿನ ಅನೇಕ ಫೋನುಗಳಲ್ಲೂ ಆ ಸೌಲಭ್ಯವಿದೆ.

ಕಲಿಕೆಗೆ ಮೈಸೂರು ಅರಮನೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಏಳರ ಸುಮಾರಿಗೆ ಅಲ್ಲಿ ಸುಮಾರು ಒಂದು ಲಕ್ಷ ದೀಪಗಳು ಒಟ್ಟಿಗೆ ಹತ್ತುತ್ತವೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಆಕಾಶ ಪೂರ್ತಿ ಕಪ್ಪು. ಮೇ, ಜೂನ್‌ನಲ್ಲಿ ಸೂರ್ಯ ಮುಳುಗಿ ಇನ್ನೂ ಸ್ವಲ್ಪ ಹೊತ್ತಾಗಿರುತ್ತದೆ, ಆಕಾಶದಲ್ಲಿ ಕಡುನೀಲಿ ಉಳಿದಿರುತ್ತದೆ. ಮಳೆ ಬಂದು ನಿಂತಿದ್ದರೆ ನೆಲದ ನೀರಿನಲ್ಲಿ ಇನ್ನೊಂದು ಅರಮನೆ. ಯಾವ ತಿಂಗಳು ಹೋಗಬೇಕೆಂಬುದು ಯಾವ ಸಾಫ್ಟ್‌ವೇರೂ ಮಾಡಿಕೊಡಲಾಗದ ತೀರ್ಮಾನ.

ಅಲ್ಲಿ ಒಂದೇ ಎಕ್ಸ್‌ಪೋಶರ್ ಸಾಲದು. ದೀಪಕ್ಕೆ ಹೊಂದಿಸಿದರೆ ಆಕಾಶ ಮಸಿ, ಆಕಾಶಕ್ಕೆ ಹೊಂದಿಸಿದರೆ ದೀಪಗಳು ಬಿಳಿ ಮುದ್ದೆ. ಕ್ಯಾಮೆರಾ ಅಲುಗದಂತೆ ಇಟ್ಟು ಮಂದ, ಮಧ್ಯಮ, ಪ್ರಕಾಶಮಾನ ಎಂದು ಮೂರು ಚಿತ್ರ ತೆಗೆಯುತ್ತಾರೆ. ಮನೆಗೆ ಬಂದು ಮೂರನ್ನೂ ಒಂದರ ಮೇಲೊಂದು ಲೇಯರ್‌ಗಳಾಗಿ ಪೇರಿಸುತ್ತಾರೆ. ಪ್ರತಿ ಲೇಯರ್‌ಗೂ ಒಂದು ಮಾಸ್ಕ್. ಮಾಸ್ಕಿನಲ್ಲಿ ಬಿಳಿ ಬಳಿದ ಕಡೆ ಆ ಚಿತ್ರ ಕಾಣುತ್ತದೆ, ಕಪ್ಪು ಬಳಿದ ಕಡೆ ಮರೆಯಾಗುತ್ತದೆ. ಹೀಗೆ ದೀಪಗಳನ್ನು ಮಂದ ಚಿತ್ರದಿಂದ, ಆಕಾಶವನ್ನು ಪ್ರಕಾಶಮಾನವಾದದ್ದರಿಂದ ಆರಿಸಿಕೊಳ್ಳಬಹುದು. ತಪ್ಪಾದರೆ ಬಣ್ಣ ಬದಲಿಸಿ ಮತ್ತೆ ಬಳಿಯುವುದು, ಅಷ್ಟೇ. ಮೂಲ ಚಿತ್ರಕ್ಕೆ ಏನೂ ಆಗಿರುವುದಿಲ್ಲ. ಲೇಯರ್, ಮಾಸ್ಕ್ ಇವೆರಡು ಅರ್ಥವಾದವರಿಗೆ ಫೋಟೊಶಾಪ್‌ನ ಉಳಿದ ಗುಂಡಿಗಳು ತಾವಾಗಿ ಅರ್ಥವಾಗುತ್ತವೆ.

ಉಳಿದಂತೆ ಕೆಲಸಕ್ಕೊಂದು ಕ್ರಮವಿದೆ. ಮೊದಲು ಓರೆಯಾದ ದಿಗಂತ ನೇರ ಮಾಡಿ, ಬೇಡದ ಅಂಚು ಕತ್ತರಿಸುವುದು. ಆಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಸರಿದೂಗಿಸುವುದು; ಅದರ ಅಳತೆ ಕೆಲ್ವಿನ್. ಮದುವೆ ಛತ್ರದ ಹಳದಿ ಬಲ್ಬು ಸುಮಾರು 3,200 ಕೆಲ್ವಿನ್, ಬಾಗಿಲಿನಿಂದ ಬರುವ ಹಗಲು 5,500. ಎರಡೂ ಕೂಡಿದಾಗ ಮದುಮಗಳ ಒಂದು ಕೆನ್ನೆ ಅರಿಶಿನ, ಇನ್ನೊಂದು ನೀಲಿ. ಆಗ ಚರ್ಮದ ಬಣ್ಣವನ್ನು ಆಧಾರವಾಗಿಟ್ಟುಕೊಂಡು ಹೊಂದಿಸುತ್ತಾರೆ. ನಂತರ ಒಟ್ಟಾರೆ ಬೆಳಕು, ಕಾಂಟ್ರಾಸ್ಟ್. ಅದಾದ ಮೇಲೆ ಅಲ್ಲಲ್ಲಿ ಡಾಡ್ಜಿಂಗ್, ಬರ್ನಿಂಗ್. ಚೂಪಾಗಿಸುವುದು ಎಲ್ಲಕ್ಕಿಂತ ಕೊನೆಗೆ. ಹೊಸಬರು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಬಣ್ಣ ಏರಿಸಿ, ಆಮೇಲೆ ಚಿತ್ರದಲ್ಲಿ ಏನಿದೆ ಎಂದು ನೋಡುತ್ತಾರೆ.

ಸಾಫ್ಟ್‌ವೇರಿಗೆ ದುಡ್ಡು ಸುರಿಯಲೇಬೇಕೆಂದಿಲ್ಲ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ತೊಂಬತ್ತರ ದಶಕದಲ್ಲಿ ಶುರುಮಾಡಿದ ಗಿಂಪ್‌ನಲ್ಲಿ ಲೇಯರ್, ಮಾಸ್ಕ್ ಎಲ್ಲ ಇವೆ, ಪೂರ್ತಿ ಉಚಿತ. ರಾ ಫೈಲ್‌ಗಳಿಗೆ ಡಾರ್ಕ್‌ಟೇಬಲ್ ಇದೆ, ಫೋನಿಗೆ ಸ್ನ್ಯಾಪ್‌ಸೀಡ್ ಇದೆ. ಅವೂ ಉಚಿತವೇ. ಕಾಲೇಜಿನಲ್ಲೇ ಕಲಿಯಬೇಕೆನ್ನುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರೂ ‘ಕಾವಾ’ ಎಂದು ಕರೆಯುವ ಸಂಸ್ಥೆ, ಛಾಯಾಗ್ರಹಣವನ್ನು ಪದವಿ ವಿಷಯವಾಗಿ ಕಲಿಸುತ್ತದೆ.

ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಶಾಲೆಯೂ ಇದೆ, ಗೋಡೆಗಳಿಲ್ಲದ್ದು. 1932ರ ಮೈಸೂರು ಫೋಟೊಗ್ರಾಫಿಕ್ ಸೊಸೈಟಿ, 1971ರ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘಗಳು ಇಲ್ಲಿ ಬೆಳೆದವು. ವೈದ್ಯರಾಗಿದ್ದ ಡಾ. ಜಿ. ಥಾಮಸ್ 1953ರಲ್ಲಿ ಇಲ್ಲಿಂದಲೇ ಭಾರತೀಯ ಛಾಯಾಗ್ರಹಣ ಒಕ್ಕೂಟ ಕಟ್ಟಿದರು. ಇಂಥ ಸಂಘಗಳಲ್ಲಿ ಸದಸ್ಯರು ತಂತಮ್ಮ ಚಿತ್ರ ಮುಂದಿಡುತ್ತಾರೆ, ಅನುಭವಿಗಳು ಎಲ್ಲರೆದುರೇ ಬಿಡಿಸಿ ನೋಡುತ್ತಾರೆ: ಈ ಮೂಲೆಯ ಬಿಳಿ ಚುಕ್ಕೆ ಕಣ್ಣು ಸೆಳೆಯುತ್ತಿದೆ, ಹಕ್ಕಿಯ ಮುಂದೆ ಜಾಗ ಸಾಲದು, ಹಿನ್ನೆಲೆಯ ಕಂಬ ತಲೆಯಿಂದ ಎದ್ದಂತಿದೆ. ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ, ಕಣ್ಣು ತೆರೆಯುತ್ತದೆ. ಒ.ಸಿ. ಎಡ್ವರ್ಡ್ಸ್ ಅವರಿಂದ ಹಕ್ಕಿಗಳ ಛಾಯಾಗ್ರಹಣ ಕಲಿತ ಟಿ.ಎನ್.ಎ. ಪೆರುಮಾಳ್, ಮುಂದೆ ತಾವೇ ನೂರಾರು ಕಿರಿಯರಿಗೆ ಗುರುವಾದರು. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಬಜೆಟ್ ಮಂಡಿಸುವುದರ ನಡುವೆ ಕಾಡು ಸುತ್ತಿ, ವನ್ಯಜೀವಿಗಳ ಕಪ್ಪುಬಿಳುಪು ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾದರು. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಬರವಣಿಗೆಯಷ್ಟೇ ಹಟದಿಂದ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಕೂತರು.

ಎಲ್ಲಿಯವರೆಗೆ ತಿದ್ದಬಹುದು ಎಂಬ ಪ್ರಶ್ನೆ ಈ ವನ್ಯಜೀವಿ ಛಾಯಾಗ್ರಾಹಕರಿಗೆ ಎಲ್ಲರಿಗಿಂತ ಹೆಚ್ಚು ಬಿಸಿ ಮುಟ್ಟಿಸಿದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಎಫ್‌ಐಎಪಿ, ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಕೂಡಿ ಸ್ಪರ್ಧೆಗಳ ನಿಸರ್ಗ ವಿಭಾಗಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡಿವೆ. ಡಾಡ್ಜಿಂಗ್, ಬರ್ನಿಂಗ್ ಮಾಡಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯಬಹುದು. ಹುಲಿಯ ಮುಂದಿನ ಒಂದು ಹುಲ್ಲುಕಡ್ಡಿಯನ್ನೂ ಅಳಿಸುವಂತಿಲ್ಲ, ಇಲ್ಲದ ಜಿಂಕೆಯನ್ನು ತಂದು ನಿಲ್ಲಿಸುವಂತಿಲ್ಲ. ಸೃಜನಶೀಲ ವಿಭಾಗದಲ್ಲಾದರೆ ಇದೇ ಹುಲಿಗೆ ರೆಕ್ಕೆ ಹಚ್ಚಿದರೂ ಯಾರೂ ಕೇಳುವುದಿಲ್ಲ. ನೋಡುವವರಿಗೆ ಏನೆಂದು ಹೇಳಿ ತೋರಿಸುತ್ತಿದ್ದೇವೆ ಎಂಬುದರ ಮೇಲೆ ಗೆರೆ ಬೀಳುತ್ತದೆ.

ಗೆರೆ ದಾಟಿದವರು ದೊಡ್ಡ ಹೆಸರಿನವರೇ. ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆ 1982ರ ಫೆಬ್ರವರಿಯ ಮುಖಪುಟಕ್ಕೆ ಅಗಲದ ಚಿತ್ರವನ್ನು ಉದ್ದಕ್ಕೆ ಹೊಂದಿಸಲು ಹೋಗಿ ಗೀಜಾದ ಪಿರಮಿಡ್‌ಗಳನ್ನು ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿ ಟೀಕೆಗೆ ಗುರಿಯಾಯಿತು. ಫೋಟೊಶಾಪ್ ಹುಟ್ಟುವುದಕ್ಕೆ ಎಂಟು ವರ್ಷ ಮೊದಲಿನ ಮಾತಿದು. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಅಂತಿಮಕ್ಕೆ ಮುಂಚಿನ ಸುತ್ತು ತಲುಪಿದ ಚಿತ್ರಗಳಲ್ಲಿ ಸುಮಾರು ಶೇಕಡ 20ರಷ್ಟು ತಿದ್ದುಪಡಿಯ ಕಾರಣಕ್ಕೆ ಹೊರಬಿದ್ದವು. ಜರ್ಮನಿಯ ಬೋರಿಸ್ ಎಲ್ಡಾಗ್ಸನ್ 2023ರಲ್ಲಿ ಸೋನಿ ವರ್ಲ್ಡ್ ಫೋಟೊಗ್ರಫಿ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ. ಗೆದ್ದಮೇಲೆ, ಇದು ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಚಿತ್ರ, ಫೋಟೊ ಅಲ್ಲ ಎಂದು ಬಹುಮಾನ ನಿರಾಕರಿಸಿದ. ಇಂಥ ಚಿತ್ರಗಳು ಬಂದರೆ ಎದುರಿಸಲು ಸ್ಪರ್ಧೆಗಳು ಸಿದ್ಧವಾಗಿವೆಯೇ ಎಂದು ನೋಡುವುದೇ ಅವನ ಉದ್ದೇಶವಾಗಿತ್ತು.

ಹೀಗಾಗಿ ಹಲವು ಗಂಭೀರ ಸ್ಪರ್ಧೆಗಳು ಈಗ ಚಿತ್ರದ ಜೊತೆ ರಾ ಫೈಲನ್ನೂ ಕೇಳುತ್ತವೆ. ಕಲಿಯುವವರಿಗೆ ಅದು ಸಾಕ್ಷಿಗಿಂತ ಹೆಚ್ಚಾಗಿ ಪಾಠಪುಸ್ತಕ. ಈ ವಾರ ಎಡಿಟ್ ಮಾಡಿದ ಒಂದು ಚಿತ್ರದ ರಾ ಫೈಲನ್ನು ಆರು ತಿಂಗಳು ಬಿಟ್ಟು, ಹಳೆಯ ಎಡಿಟ್ ನೋಡದೆ, ಮೊದಲಿನಿಂದ ಮತ್ತೆ ಎಡಿಟ್ ಮಾಡಬೇಕು. ಎರಡನ್ನೂ ಊರಿನ ಸ್ಟುಡಿಯೊದಲ್ಲಿ ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಅಕ್ಕಪಕ್ಕ ಇಡಬೇಕು. ಏರಿಸಿದ ಬಣ್ಣ ಎಲ್ಲಿ ಅತಿಯಾಯಿತು, ಯಾವ ನೆರಳನ್ನು ಸುಮ್ಮನೆ ಬಿಡಬೇಕಿತ್ತು, ಯಾವುದನ್ನು ತೆಗೆಯುವಾಗಲೇ ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಎಡಿಟಿಂಗೇ ಬೇಕಿರಲಿಲ್ಲ ಎಂಬುದೆಲ್ಲ ಪರದೆಗಿಂತ ಕಾಗದದ ಮೇಲೆ ಬೇಗ ಕಾಣುತ್ತದೆ. ಫೈಲುಗಳನ್ನು ಮಾತ್ರ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇಟ್ಟುಕೊಂಡಿರಬೇಕು.